ನ್ಯಾಕ್ ಫೈಲಿನಲ್ಲಿರುವ ತರಬೇತಿ, ಸೌಲಭ್ಯ ನಮಗೂ ಸಿಗಲಿ: ಕಾಲೇಜು ಆಡಳಿತ ಮಂಡಳಿಗೆ ಬಹಿರಂಗ ಪತ್ರ

ಗೆ,
ಮಾನ್ಯ ಅಧ್ಯಕ್ಷರು, ಕಾರ್ಯದರ್ಶಿಗಳು ಮತ್ತು ಸದಸ್ಯರು
ಕಾಲೇಜು ಆಡಳಿತ ಮಂಡಳಿ

ವಿಷಯ: ಬೋಧಕ ಮತ್ತು ಬೋಧಕೇತರ ಸಿಬ್ಬಂದಿಯ ತರಬೇತಿ ಹಾಗೂ ಸೌಲಭ್ಯಗಳ ಬಗ್ಗೆ

ಮಾನ್ಯರೇ,

ನಾನು ನಿಮ್ಮ ಪದವಿ ಕಾಲೇಜಿನ ಕಚೇರಿಯಲ್ಲಿ ಕೆಲಸ ಮಾಡುವವನು. ಅಡ್ಮಿಷನ್, ಫೀಸು, ಸ್ಕಾಲರ್‌ಶಿಪ್, ಪರೀಕ್ಷೆ ಅರ್ಜಿ, ಸಂಬಳದ ಬಿಲ್ಲು, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಬಂದಾಗ ಅದರ ಕಾಗದ ಪತ್ರ, ಎಲ್ಲವೂ ನಮ್ಮ ಸೆಕ್ಷನ್ ಮೂಲಕವೇ ಹೋಗುತ್ತವೆ. ಕಾಲೇಜಿನ ಹೆಸರು ಇಲ್ಲಿ ಬರೆದಿಲ್ಲ. ಓದಿದರೆ ನಿಮಗೆ ಗೊತ್ತಾಗುತ್ತದೆ. ಬೇರೆ ಸಂಸ್ಥೆಯವರು ಓದಿದರೂ 'ಅರೆ, ಇದು ನಮ್ಮ ಕಥೆಯೇ' ಅನ್ನಿಸಬಹುದು, ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಇದಕ್ಕೂ ಮೊದಲು ಸಿಬ್ಬಂದಿಯೆಲ್ಲ ಸೇರಿ, ಸಹಿ ಹಾಕಿ, ಪ್ರಾಂಶುಪಾಲರ ಮೂಲಕ ಮನವಿ ಕೊಟ್ಟಿದ್ದೆವು. ಇನ್‌ವರ್ಡ್ ನಂಬರ್ ಬಿತ್ತು. ಆಮೇಲೆ ಏನೂ ಆಗಲಿಲ್ಲ. ನೆನಪಿಸಿದಾಗ 'ಮಂಡಳಿ ಮುಂದೆ ಇಡ್ತೀವಿ' ಅಂದರು. ಇಟ್ಟರೋ ಇಲ್ಲವೋ, ನಡಾವಳಿಯಲ್ಲಂತೂ ಆ ವಿಷಯ ಕಾಣಲಿಲ್ಲ. ನಡಾವಳಿ ಟೈಪ್ ಮಾಡುವವರೂ ನಾವೇ ಅಲ್ವಾ, ಗೊತ್ತಾಗುತ್ತದೆ.

ವಿಷಯಕ್ಕೆ ಬರುತ್ತೇನೆ. ಕಾಲೇಜು ತನ್ನ ಬಗ್ಗೆ ತಾನೇ ಬರೆದು ನ್ಯಾಕ್‌ಗೆ ಸಲ್ಲಿಸುವ ಎಸ್‌ಎಸ್‌ಆರ್ ವರದಿಯಲ್ಲಿ ಆರನೇ ಮಾನದಂಡ ಆಡಳಿತಕ್ಕೆ ಸಂಬಂಧಿಸಿದ್ದು. ಅದರೊಳಗೆ 6.3 ಅಂತ ಒಂದು ಭಾಗ ಬರುತ್ತದೆ. ಸಿಬ್ಬಂದಿಗೆ ಏನೇನು ಕಲ್ಯಾಣ ಕ್ರಮಗಳಿವೆ, ಸಮ್ಮೇಳನ ಕಾರ್ಯಾಗಾರಗಳಿಗೆ ಹೋಗುವ ಅಧ್ಯಾಪಕರಲ್ಲಿ ಎಷ್ಟು ಜನರಿಗೆ ಸಂಸ್ಥೆ ಹಣ ಕೊಟ್ಟಿದೆ, ಕಳೆದ ಐದು ವರ್ಷದಲ್ಲಿ ಎಷ್ಟು ಜನ ತರಬೇತಿ ಪಡೆದಿದ್ದಾರೆ ಅಂತ ಅಲ್ಲಿ ಕೇಳುತ್ತಾರೆ. ನಾವು ಕೊಟ್ಟ ಉತ್ತರ ಓದಿದರೆ ಯಾರಿಗಾದರೂ ಇಲ್ಲೇ ಕೆಲಸಕ್ಕೆ ಸೇರಬೇಕು ಅನ್ನಿಸುತ್ತದೆ. ಪಿಎಫ್ ಇದೆ, ಗ್ರಾಚ್ಯುಟಿ ಇದೆ, ಹೆರಿಗೆ ರಜೆ ಇದೆ, ಎಲ್ಲರಿಗೂ ವರ್ಷ ವರ್ಷ ತರಬೇತಿ ಇದೆ. ವರದಿ ಕಾಲೇಜಿನ ವೆಬ್‌ಸೈಟಿನಲ್ಲೇ ಇದೆ, ಯಾರು ಬೇಕಾದರೂ ತೆರೆದು ನೋಡಬಹುದು. ಟೈಪ್ ಮಾಡಿ ಮಾಡಿ ನನಗೆ ಬಾಯಿಪಾಠ ಆಗಿದೆ.

ಆ ಪಟ್ಟಿಯಲ್ಲಿ ಬೋಧಕೇತರ ಸಿಬ್ಬಂದಿಗೆ 'ಕಚೇರಿ ಗಣಕೀಕರಣ' ಅನ್ನುವ ಒಂದು ದಿನದ ತರಬೇತಿ ಇದೆ. ಅದು ಹೇಗೆ ನಡೆಯಿತು ಅಂತ ಹೇಳಬೇಕು. ಬೆಳಿಗ್ಗೆ ಫೀಸ್ ಕೌಂಟರ್ ಮುಂದೆ ಮಕ್ಕಳು ಸಾಲಾಗಿ ನಿಂತಿರುವಾಗಲೇ ನಮ್ಮನ್ನೆಲ್ಲ ಸೆಮಿನಾರ್ ಹಾಲ್‌ಗೆ ಕರೆದರು. ಬ್ಯಾನರ್ ಕಟ್ಟಿತ್ತು. ಕ್ಲರ್ಕುಗಳು, ಲ್ಯಾಬ್ ಅಟೆಂಡರ್‌ಗಳು, ಡ್ರೈವರ್, ಗಿಡ ನೋಡಿಕೊಳ್ಳುವವರು ಎಲ್ಲರೂ ಕೂತೆವು. ದೀಪ ಹಚ್ಚಿದ್ದಾಯಿತು. ಕಂಪ್ಯೂಟರ್ ವಿಭಾಗದ ಮೇಷ್ಟ್ರು ಪರದೆಯ ಮೇಲೆ ಒಂದು ಎಕ್ಸೆಲ್ ಶೀಟ್ ತೆರೆದರು. ಜಿಯೋಟ್ಯಾಗ್ ಇರುವ ಫೋಟೋ ತೆಗೆದರು. ಅದರ ಮೂಲೆಯಲ್ಲಿ ಅಕ್ಷಾಂಶ, ರೇಖಾಂಶ, ದಿನಾಂಕ, ಗಂಟೆ ಎಲ್ಲ ಬೀಳುತ್ತದೆ. ಹಾಜರಾತಿ ಹಾಳೆಗೆ ಸಹಿ ಹಾಕಿಸಿಕೊಂಡು 'ಸರಿ, ಕೆಲಸ ನೋಡ್ಕೊಳ್ಳಿ' ಅಂತ ಕಳಿಸಿದರು. ಸಂಜೆ ಮತ್ತೆ ಕರೆದರು. ಸಮಾರೋಪದ ಫೋಟೋದಲ್ಲಿ ಬೇರೆ ಗಂಟೆ ಬೀಳಬೇಕಲ್ಲ, ಅದಕ್ಕೆ. ಎಕ್ಸೆಲ್ ಶೀಟ್ ಬೆಳಿಗ್ಗೆ ಇದ್ದ ಜಾಗದಲ್ಲೇ ಇತ್ತು. 'ನಂಗೇನು ಕಲಿಸಿದ್ರು ಸಾರ್ ಇವತ್ತು?' ಅಂತ ಡ್ರೈವರ್ ನನ್ನನ್ನೇ ಕೇಳಿದರು.

ನಗು ಬರುತ್ತದೆ, ನಿಜ. ಆದರೆ ಆ ದಿನಗಳಲ್ಲೇ ನಮಗೆ ನಿಜವಾದ ತರಬೇತಿಯ ಅಗತ್ಯ ತುಂಬಾ ಇತ್ತು. 2021ರಿಂದ ಈಚೆಗೆ ರಾಜ್ಯದ ವಿಶ್ವವಿದ್ಯಾಲಯಗಳ ಕೆಲಸ ಯುಯುಸಿಎಂಎಸ್ ಅನ್ನುವ ಆನ್‌ಲೈನ್ ವ್ಯವಸ್ಥೆಗೆ ಬಂದಿದೆ. ಪ್ರವೇಶ, ಪರೀಕ್ಷೆ ಅರ್ಜಿ, ಆಂತರಿಕ ಅಂಕ, ಹಾಲ್ ಟಿಕೆಟ್ ಎಲ್ಲ ಅದರಲ್ಲೇ. ಅದರ ಜೊತೆಗೆ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್, ಕೇಂದ್ರಕ್ಕೆ ವರ್ಷ ವರ್ಷ ಕೊಡಬೇಕಾದ ಐಷೆ (ಉನ್ನತ ಶಿಕ್ಷಣ ಸಮೀಕ್ಷೆ) ಮಾಹಿತಿ, ಮಕ್ಕಳ ಕ್ರೆಡಿಟ್ ಲೆಕ್ಕ ಇಡುವ ಎಬಿಸಿ ಐಡಿ, ಡಿಜಿಲಾಕರ್. ಇವುಗಳಲ್ಲಿ ಒಂದನ್ನೂ ಕಾಲೇಜು ನಮಗೆ ಕೂರಿಸಿ ಹೇಳಿಕೊಟ್ಟಿಲ್ಲ. ಎಲ್ಲವನ್ನೂ ಬೇರೆ ಕಾಲೇಜಿನ ಗುಮಾಸ್ತರ ವಾಟ್ಸಾಪ್ ಗುಂಪಿನಲ್ಲಿ ಕೇಳಿ ಕೇಳಿ ಕಲಿತಿದ್ದೇವೆ. ರಾತ್ರಿ ಹತ್ತು ಗಂಟೆಗೆ ಯಾರೋ ಪುಣ್ಯಾತ್ಮರು ಸ್ಕ್ರೀನ್‌ಶಾಟ್ ಮೇಲೆ ಕೆಂಪು ಗೆರೆ ಎಳೆದು 'ಇಲ್ಲಿ ಒತ್ತಿ, ಅಲ್ಲಿ ಒತ್ತಬೇಡಿ' ಅಂತ ಕಳಿಸುತ್ತಾರೆ. ಅದೇ ನಮ್ಮ ತರಬೇತಿ. ಅವರಿಗೆ ನಾವು ಋಣಿ, ಆದರೆ ಅವರು ಯಾರು ಅಂತಲೂ ನಮಗೆ ಗೊತ್ತಿಲ್ಲ.

ಇದರ ಪೆಟ್ಟು ಬೀಳುವುದು ಮಕ್ಕಳ ಮೇಲೆ. ಸ್ಕಾಲರ್‌ಶಿಪ್ ಅರ್ಜಿಗೆ ದಾಖಲೆಗಳ ಇ-ದೃಢೀಕರಣ ಆಗಬೇಕು, ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ ಆಗಿರಬೇಕು. ಖಾತೆಗೆ ಆಧಾರ್ ನಂಬರ್ ಕೊಟ್ಟಿರುವುದೇ ಬೇರೆ, ಹಣ ಬಂದು ಬೀಳುವ ಖಾತೆಯಾಗಿ ಬ್ಯಾಂಕುಗಳ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐನಲ್ಲಿ ಮ್ಯಾಪ್ ಆಗುವುದೇ ಬೇರೆ. ಈ ವ್ಯತ್ಯಾಸ ನಮಗೇ ತಡವಾಗಿ ಗೊತ್ತಾಯಿತು. ಗೊತ್ತಾಗುವಷ್ಟರಲ್ಲಿ ಕೆಲವು ಮಕ್ಕಳ ಹಣ ಎಲ್ಲೋ ಹೋಗಿ ಸಿಕ್ಕಿಕೊಂಡಿತ್ತು. ಕೊನೇ ದಿನ ಸರ್ವರ್ ನಿಧಾನ, ಓಟಿಪಿ ಪ್ರಾಂಶುಪಾಲರ ಮೊಬೈಲ್‌ಗೆ ಬರುತ್ತದೆ, ಅವರು ಮೀಟಿಂಗ್‌ನಲ್ಲಿ ಫೋನ್ ಸೈಲೆಂಟ್ ಇಟ್ಟು ಕೂತಿರುತ್ತಾರೆ, ಕೌಂಟರ್ ಆಚೆ ಒಬ್ಬಳು ಹುಡುಗಿ ಅಳುತ್ತಾ ನಿಂತಿರುತ್ತಾಳೆ. ಬೈಗುಳ ಮಾತ್ರ ಕೌಂಟರ್ ಈಚೆ ಕೂತವರಿಗೆ. ಒಬ್ಬ ಎಸ್‌ಡಿಎಗೆ ಹೊಸ ಪೋರ್ಟಲ್ ಕಲಿಯಲು ಎರಡು ದಿನ ಬಿಡುವು ಕೊಟ್ಟಿದ್ದರೆ ಇದರಲ್ಲಿ ಅರ್ಧ ತಪ್ಪುತ್ತಿತ್ತು.

ಲ್ಯಾಬ್ ಕಡೆ ಬನ್ನಿ. ರಸಾಯನಶಾಸ್ತ್ರ ಲ್ಯಾಬಿನ ಅಟೆಂಡರ್ ವರ್ಷಗಳಿಂದ ಆಸಿಡ್ ಬಾಟಲಿ ಎತ್ತಿಡುತ್ತಿದ್ದಾರೆ, ದ್ರಾವಣ ತಯಾರು ಮಾಡುತ್ತಿದ್ದಾರೆ. ನೀರಿಗೆ ಆಸಿಡ್ ಸುರಿಯಬೇಕೇ ಹೊರತು ಆಸಿಡ್‌ಗೆ ನೀರು ಸುರಿಯಬಾರದು ಅಂತ ಅವರಿಗೆ ಹೇಳಿಕೊಟ್ಟಿದ್ದು ನಿವೃತ್ತರಾಗಿ ಹೋದ ಹಳೇ ಅಟೆಂಡರ್. ಸುರಕ್ಷತೆ ಬಗ್ಗೆ ಸಂಸ್ಥೆ ಕೊಟ್ಟ ತರಬೇತಿ ಅಂದರೆ ಗೋಡೆ ಮೇಲಿನ ಒಂದು ಚಾರ್ಟು. ಕಣ್ಣಿಗೆ ಹಾಕುವ ಕನ್ನಡಕ ಕೇಳಿದ್ದಕ್ಕೆ 'ಇಷ್ಟು ದಿನ ಏನೂ ಆಗಿಲ್ವಲ್ಲ' ಅನ್ನುವ ಉತ್ತರ ಬಂತು. ಏನಾದರೂ ಆದ ಮೇಲೆ ಕೊಡುವುದಾದರೆ ಅದನ್ನು ಯಾಕೆ ಕೊಡಬೇಕು ಸ್ವಾಮಿ?

ಲೈಬ್ರರಿ ಕಥೆ ಇನ್ನೊಂದು. ಇನ್‌ಫ್ಲಿಬ್‌ನೆಟ್‌ನ ಎನ್-ಲಿಸ್ಟ್‌ಗೆ ಕಾಲೇಜು ಚಂದಾ ಕಟ್ಟುತ್ತದೆ. ಕಾಲೇಜುಗಳಿಗೆ ಕಡಿಮೆ ಖರ್ಚಿನಲ್ಲಿ ಇ-ಪುಸ್ತಕ, ಇ-ಜರ್ನಲ್ ಸಿಗುವ ಒಳ್ಳೆಯ ವ್ಯವಸ್ಥೆ ಅದು. ಚಂದಾ ಕಟ್ಟಿದ ರಸೀದಿ ನ್ಯಾಕ್ ಫೈಲಿನಲ್ಲಿ ಭದ್ರವಾಗಿದೆ. ಆದರೆ ಹೆಚ್ಚಿನ ಅಧ್ಯಾಪಕರ ಹತ್ತಿರ ಅದರ ಲಾಗಿನ್ನೇ ಇಲ್ಲ. ಲೈಬ್ರೇರಿಯನ್ ಒಬ್ಬರೇ, ಸಹಾಯಕರಿಲ್ಲ. ಎಲ್ಲರಿಗೂ ಲಾಗಿನ್ ಮಾಡಿಕೊಟ್ಟು, ಹುಡುಕುವುದು ಹೇಗೆ ಅಂತ ತೋರಿಸಲು ಅರ್ಧ ದಿನ ಕೊಡಿ ಅಂತ ಅವರು ಕೇಳಿದಾಗ ಲೈಬ್ರರಿ ಬಾಗಿಲು ಹಾಕುವ ಹಾಗಿಲ್ಲ ಅಂದರು. ಹಣ ಕಟ್ಟಿ ಬಳಸದೇ ಬಿಡುವುದು ಯಾವ ಲೆಕ್ಕ ಅಂತ ನನಗಂತೂ ಅರ್ಥವಾಗಿಲ್ಲ.

ಇನ್ನು ಮೇಷ್ಟ್ರುಗಳ ವಿಚಾರ. ನಾನು ಕಚೇರಿಯವನು, ಅವರ ಪರವಾಗಿ ಯಾಕೆ ಬರೆಯುತ್ತೀಯ ಅಂತ ನೀವು ಕೇಳಬಹುದು. ಅವರ ರಜೆ ಅರ್ಜಿ, ರಿಲೀವಿಂಗ್ ಆರ್ಡರ್, ಎನ್‌ಒಸಿ ಎಲ್ಲ ನನ್ನ ಮೇಜಿನ ಮೇಲೇ ಹಾದು ಹೋಗುತ್ತವೆ. ಸಂಸ್ಥೆ ಮಾತು ಕೊಡುವ ಕಾಗದ ಯಾವುದು, ನಡೆದಿದ್ದೇನು ಅಂತ ಅವರಿಗಿಂತ ಜಾಸ್ತಿ ನನಗೆ ಕಾಣುತ್ತದೆ.

ಕಾಲೇಜು ಅಧ್ಯಾಪಕರ ತರಬೇತಿ ಹೊಸ ವಿಷಯವೇನಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಲ್ಲೇ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳು ಶುರುವಾದವು. ಆಮೇಲೆ ಅವು ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರಗಳಾದವು. 2023ರ ಶಿಕ್ಷಕರ ದಿನದಂದು ಮಾಳವೀಯ ಮಿಷನ್ ಶುರುವಾದಾಗ ಅದರ ತರಬೇತಿ ಕೇಂದ್ರಗಳಾದವು. ನಮ್ಮ ರಾಜ್ಯದಲ್ಲಿ ಬೆಂಗಳೂರು, ಮೈಸೂರು, ಧಾರವಾಡದ ವಿಶ್ವವಿದ್ಯಾಲಯಗಳಲ್ಲಿ ಇಂಥ ಕೇಂದ್ರಗಳು ಹಿಂದಿನಿಂದಲೂ ಇವೆ. ಈಗ ಆನ್‌ಲೈನ್ ಕೋರ್ಸುಗಳೂ ಬೇಕಾದಷ್ಟು ಇವೆ. ಸ್ವಯಂ ವೇದಿಕೆ 2017ರಿಂದ ಇದೆ. ಅಂದರೆ ಕಲಿಯಲು ಜಾಗವಿಲ್ಲ ಅಂತಲ್ಲ. ಕಳಿಸುವವರಿಲ್ಲ.

ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮಾವಳಿ ನೋಡಿ. ಸಹಾಯಕ ಪ್ರಾಧ್ಯಾಪಕರು ವೇತನದ 10ನೇ ಹಂತದಿಂದ 11ಕ್ಕೆ ಹೋಗಬೇಕಾದರೆ ಪಿಎಚ್‌ಡಿ ಇದ್ದವರಿಗೆ ನಾಲ್ಕು ವರ್ಷ, ಎಂಫಿಲ್ ಇದ್ದವರಿಗೆ ಐದು, ಎರಡೂ ಇಲ್ಲದವರಿಗೆ ಆರು ವರ್ಷದ ಸೇವೆ ಬೇಕು. ಜೊತೆಗೆ 21 ದಿನದ ಓರಿಯೆಂಟೇಶನ್ ತರಬೇತಿ ಆಗಿರಬೇಕು, ರಿಫ್ರೆಶರ್ ಅಥವಾ ಅದಕ್ಕೆ ಸಮನಾದ ಒಂದು ಕೋರ್ಸ್ ಆಗಿರಬೇಕು. ಇವುಗಳಿಗೆ ಹೋಗಲು ಕರ್ತವ್ಯ ರಜೆ, ನಮ್ಮ ಭಾಷೆಯಲ್ಲಿ ಓಓಡಿ, ಕೊಡಲು ಅವಕಾಶ ಇರುವುದೂ ಅದೇ ನಿಯಮಾವಳಿಯಲ್ಲಿ. ವರ್ಷಕ್ಕೆ 30 ದಿನದವರೆಗೆ ಕೊಡಬಹುದು. ನಮ್ಮದು ಅನುದಾನರಹಿತ ಸಂಸ್ಥೆ, ಯುಜಿಸಿ ಸ್ಕೇಲ್ ಇಲ್ಲಿ ಇಲ್ಲ, ಗೊತ್ತು. ಆದರೆ ಇನ್‌ಕ್ರಿಮೆಂಟ್ ಕೇಳಲು ಬಂದ ಮೇಷ್ಟ್ರಿಗೆ 'ನಿಮ್ಮದಿನ್ನೂ ಓರಿಯೆಂಟೇಶನ್ ಆಗಿಲ್ಲವಲ್ಲ' ಅಂತ ಇದೇ ಯುಜಿಸಿ ನಿಯಮ ತೋರಿಸುತ್ತೀರಿ. ಓರಿಯೆಂಟೇಶನ್‌ಗೆ ಆಯ್ಕೆಯಾಗಿ ರಿಲೀವಿಂಗ್ ಆರ್ಡರ್ ಕೇಳಲು ಬಂದರೆ 'ನಿಮ್ಮ ಕ್ಲಾಸ್ ಯಾರು ತಗೋತಾರೆ?' ಅಂತ ಕೇಳುತ್ತೀರಿ. ಎರಡೂ ಬಾಗಿಲು ಒಳಗಿನಿಂದ ಹಾಕಿದ ಹಾಗಾಯಿತು.

ಒಬ್ಬ ಮೇಡಂ ರಿಫ್ರೆಶರ್‌ಗೆ ಆಯ್ಕೆಯಾದ ಪತ್ರ ಹಿಡಿದು ಬಂದಿದ್ದರು. ಅರ್ಜಿಗೆ ಸಹಿ, ಸೀಲ್ ಹಾಕಿ ಕಳಿಸಿದ್ದೇ ಕಾಲೇಜು. ಹೊರಡುವ ಹಿಂದಿನ ದಿನ ಸಂಜೆ ಆರ್ಡರ್ ತಡೆದರು. ಇಂಟರ್ನಲ್ಸ್ ಇದೆ ಅನ್ನುವ ಕಾರಣ ಕೊಟ್ಟರು. ಇಂಟರ್ನಲ್ಸ್ ದಿನಾಂಕ ಅರ್ಜಿ ಕಳಿಸುವಾಗಲೇ ಕ್ಯಾಲೆಂಡರ್‌ನಲ್ಲಿ ಇತ್ತು. ಅವರ ಸೀಟು ಬೇರೆಯವರಿಗೆ ಹೋಯಿತು. ಇನ್ನು ಕೆಲವರು ಸಿಎಲ್ ಹಾಕಿ, ಸಿಎಲ್ ಮುಗಿದ ಮೇಲೆ ಸಂಬಳ ಕಡಿತದ ರಜೆ ಹಾಕಿ, ನೋಂದಣಿ ಶುಲ್ಕವನ್ನೂ ತಾವೇ ಕಟ್ಟಿ ಕೋರ್ಸ್ ಮುಗಿಸಿದರು. ಮುಗಿಸಿ ಬಂದ ದಿನವೇ ಕಾಲೇಜಿನ ಗುಣಮಟ್ಟ ನೋಡಿಕೊಳ್ಳುವ ಐಕ್ಯೂಎಸಿ ಘಟಕದಿಂದ ಫೋನು: 'ಸರ್ಟಿಫಿಕೇಟ್ ಜೆರಾಕ್ಸ್ ಕೊಡಿ, 6.3ಕ್ಕೆ ಬೇಕು.' ಅವರ ದುಡ್ಡು, ಅವರ ರಜೆ. ಅಂಕ ಮಾತ್ರ ಕಾಲೇಜಿಗೆ.

ಆನ್‌ಲೈನ್ ಎಫ್‌ಡಿಪಿ, ಅಂದರೆ ಅಧ್ಯಾಪಕರ ತರಬೇತಿ ಕಾರ್ಯಕ್ರಮದ ಬಗ್ಗೆಯೂ ಒಂದು ಮಾತು. 'ಮನೆಯಿಂದಲೇ ಮಾಡಬಹುದಲ್ಲ, ಓಓಡಿ ಯಾಕೆ?' ಅನ್ನುತ್ತೀರಿ. ಮನೆಯಲ್ಲಿ ಮಾಡಲು ಬಿಟ್ಟರೆ ತಾನೇ? ಹಗಲು ಹೊತ್ತು ಕಾಲೇಜಿನಲ್ಲೇ ಇರಬೇಕು, ಕ್ಲಾಸನ್ನೂ ತೆಗೆದುಕೊಳ್ಳಬೇಕು. ಹಾಗಾಗಿ ಸ್ಟಾಫ್ ರೂಮಿನಲ್ಲಿ ಮೊಬೈಲನ್ನು ಟಿಫಿನ್ ಡಬ್ಬಿಗೆ ಆನಿಸಿ, ಮ್ಯೂಟ್ ಮಾಡಿ, ಕ್ಯಾಮೆರಾ ಆಫ್ ಮಾಡಿ ಬ್ಲೂ ಬುಕ್ ತಿದ್ದುತ್ತಾ ಕೂತಿರುತ್ತಾರೆ. ಕ್ಲಾಸಿಗೆ ಹೋಗುವಾಗ ಪಕ್ಕದವರಿಗೆ 'ಅಟೆಂಡೆನ್ಸ್ ಲಿಂಕ್ ಬಂದರೆ ಸ್ವಲ್ಪ ಒತ್ತಿಬಿಡಿ' ಅಂತ ಹೇಳಿ ಹೋಗುತ್ತಾರೆ. ಇದು ಅವರ ಸೋಮಾರಿತನ ಅಂತ ನಾನು ಒಪ್ಪುವುದಿಲ್ಲ. ಹೀಗೆ ಕಲಿಯಲಿಕ್ಕೆ ಯಾರಿಂದಲೂ ಆಗುವುದಿಲ್ಲ.

ಪಿಎಚ್‌ಡಿ ವಿಷಯ ಬರೆಯದೇ ಇರಲಾರೆ. ಯುಜಿಸಿಯ 2022ರ ಪಿಎಚ್‌ಡಿ ನಿಯಮಾವಳಿ ಪ್ರಕಾರ ಕೆಲಸದಲ್ಲಿದ್ದುಕೊಂಡು ಅರೆಕಾಲಿಕ ಪಿಎಚ್‌ಡಿ ಮಾಡುವವರು ಸಂಸ್ಥೆಯಿಂದ ಎನ್‌ಒಸಿ ತರಬೇಕು. ಅದರಲ್ಲಿ ಮೂರು ವಿಷಯ ಸ್ಪಷ್ಟವಾಗಿ ಇರಬೇಕು. ಓದಲು ಅನುಮತಿ ಇದೆ ಅಂತ. ಸಂಶೋಧನೆಗೆ ಸಾಕಷ್ಟು ಸಮಯ ಸಿಗುವ ಹಾಗಿದೆ ಇವರ ಕೆಲಸ ಅಂತ. ಬೇಕಾದರೆ ಕೋರ್ಸ್‌ವರ್ಕ್ ಮುಗಿಸಲು ಇವರನ್ನು ಕರ್ತವ್ಯದಿಂದ ಬಿಡುಗಡೆ ಮಾಡುತ್ತೇವೆ ಅಂತ. ಈ ಮೂರೂ ಸಾಲಿರುವ ಎನ್‌ಒಸಿಗಳನ್ನು ನಾನು ಲೆಟರ್‌ಹೆಡ್ ಮೇಲೆ ತೆಗೆದುಕೊಟ್ಟಿದ್ದೇನೆ, ಸಹಿ ಆಗಿ ಹೋಗಿವೆ. ಕೋರ್ಸ್‌ವರ್ಕ್ ಶುರುವಾದಾಗ ಬಿಡುಗಡೆ ಕೇಳಿದವರಿಗೆ ಸಿಕ್ಕಿದ್ದು ವಾರಕ್ಕೆ ಇನ್ನೆರಡು ಹೆಚ್ಚುವರಿ ಕ್ಲಾಸು. ಲೆಟರ್‌ಹೆಡ್ ಮೇಲೆ ಬರೆದು ಸಹಿ ಹಾಕಿದ ಮಾತಿಗೂ ಬೆಲೆ ಇಲ್ಲ ಅಂದರೆ ನಾವು ಯಾವ ಕಾಗದ ನಂಬಬೇಕು?

ಈಗ ಸೌಲಭ್ಯಗಳ ಮಾತು. ಇಲ್ಲಿ ಒಂದು ಒಳ್ಳೆಯ ವಿಷಯ ಹೇಳಿಬಿಡುತ್ತೇನೆ. ಸಂಬಳ ಪ್ರತಿ ತಿಂಗಳ ಮೊದಲ ವಾರದಲ್ಲೇ ಆಗುತ್ತದೆ, ಅದರಲ್ಲಿ ತಕರಾರಿಲ್ಲ. ಎಷ್ಟೋ ಕಡೆ ಅದೂ ಇಲ್ಲ. ಆದರೆ ಸಂಬಳದ ಆಚೆ ಏನಿದೆ ಅಂತ ಕೇಳಿದರೆ ಯಾರೂ ನೇರ ಉತ್ತರ ಕೊಡುವುದಿಲ್ಲ.

ಪಿಎಫ್‌ಗೆ ನೌಕರರಿಂದ ಶೇ 12, ಸಂಸ್ಥೆಯಿಂದ ಶೇ 12 ಹೋಗಬೇಕು, ಸಂಸ್ಥೆಯ ಪಾಲಿನಲ್ಲಿ ಶೇ 8.33 ಪಿಂಚಣಿ ಯೋಜನೆಗೆ ಹೋಗುತ್ತದೆ. ಇದು ಎಲ್ಲರಿಗೂ ಗೊತ್ತಿರಬೇಕಾದ ಸರಳ ಲೆಕ್ಕ. ನಮ್ಮಲ್ಲಿ ಹಳಬರಿಗೆ ಪಿಎಫ್ ಇದೆ, ಹೊಸಬರಲ್ಲಿ ಕೆಲವರನ್ನು 'ಕನ್ಸಾಲಿಡೇಟೆಡ್' (ಒಟ್ಟು ಮೊತ್ತದ ಸಂಬಳ) ಅಂತ ಹೊರಗಿಟ್ಟಿದ್ದೀರಿ. ಯಾವ ಆಧಾರದ ಮೇಲೆ ಅಂತ ನಮ್ಮ ಸೆಕ್ಷನ್‌ಗೂ ಗೊತ್ತಿಲ್ಲ. ನೌಕರರ ಆರೋಗ್ಯ ವಿಮೆಯಾದ ಇಎಸ್‌ಐ ಕಥೆಯೂ ಹಾಗೇ. ತಿಂಗಳ ವೇತನ 21,000 ರೂಪಾಯಿ ಮೀರದವರಿಗೆ ಅದು. ಅವರ ಸಂಬಳದಿಂದ ಶೇ 0.75 ಹೋಗುತ್ತದೆ, ಸಂಸ್ಥೆ ಶೇ 3.25 ಕಟ್ಟುತ್ತದೆ. ನಮ್ಮ ಅಟೆಂಡರ್ ಒಬ್ಬರ ಸಂಬಳದಲ್ಲಿ ಈ ಕಡಿತ ವರ್ಷಗಳಿಂದ ಆಗುತ್ತಿದೆ. ಹೆಂಡತಿಗೆ ಆಪರೇಷನ್ ಆದಾಗ ಅವರು ಸಾಲ ಮಾಡಿ ಖಾಸಗಿ ಆಸ್ಪತ್ರೆಗೆ ಕಟ್ಟಿದರು. ಮನೆಯವರಿಗೂ ಇಎಸ್‌ಐ ಚಿಕಿತ್ಸೆ ಸಿಗುತ್ತದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ, ಕುಟುಂಬದವರ ಹೆಸರನ್ನೂ ಸೇರಿಸಿರಲಿಲ್ಲ. ಸೌಲಭ್ಯ ಇದ್ದೂ ಅದರ ಬಗ್ಗೆ ಒಂದು ಗಂಟೆ ಕೂರಿಸಿ ಹೇಳದಿದ್ದರೆ ಹೀಗಾಗುತ್ತದೆ. ಇದೂ ಒಂದು ತರಬೇತಿಯೇ, ಇದಕ್ಕೆ ಬ್ಯಾನರ್ ಕೂಡ ಬೇಡ.

ಗ್ರಾಚ್ಯುಟಿ ಕೇಳಿದರೆ 'ಮೇಷ್ಟ್ರುಗಳಿಗೆ ಬರಲ್ಲ' ಅನ್ನುವ ಹಳೇ ಮಾತನ್ನೇ ಇನ್ನೂ ಹೇಳುತ್ತೀರಿ. 2004ರಲ್ಲಿ ಸುಪ್ರೀಂ ಕೋರ್ಟ್ ಆಗಿನ ಕಾಯ್ದೆಯ ವ್ಯಾಖ್ಯಾನದಲ್ಲಿ ಶಿಕ್ಷಕರು ಬರುವುದಿಲ್ಲ ಅಂತ ಹೇಳಿದ್ದು ನಿಜ. ಆದರೆ 2009ರಲ್ಲಿ ಸಂಸತ್ತು ಕಾಯ್ದೆ ತಿದ್ದಿ ಶಿಕ್ಷಕರನ್ನು ಸೇರಿಸಿತು. ಅದೂ 1997ರ ಏಪ್ರಿಲ್ 3ರಿಂದಲೇ ಅನ್ವಯವಾಗುವ ಹಾಗೆ. ಖಾಸಗಿ ಶಿಕ್ಷಣ ಸಂಸ್ಥೆಗಳು ಇದನ್ನು ಪ್ರಶ್ನಿಸಿದವು. 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅಲ್ಲಿಗೆ ಆ ವಾದ ಮುಗಿದಿದೆ. ಲೆಕ್ಕವೂ ಕಷ್ಟವಲ್ಲ. ಕೊನೆಯ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಮತ್ತೆ ಗುಣಿಸಿದರಾಯಿತು. ನಮ್ಮಲ್ಲಿ ಇಡೀ ಜೀವಮಾನ ಪಾಠ ಮಾಡಿ ನಿವೃತ್ತರಾದವರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಸಿಕ್ಕಿದೆ. ಈ ಲೆಕ್ಕದ ಹಣ ಸಿಕ್ಕಿಲ್ಲ.

ಇದಕ್ಕೆ ಹೊಂದಿಕೊಂಡೇ ಇರುವುದು 'ಬ್ರೇಕ್'. ಜೂನ್‌ನಲ್ಲಿ ನೇಮಕ, ಬೇಸಿಗೆ ರಜೆ ಶುರುವಾಗುವಾಗ ಬಿಡುಗಡೆ, ಮತ್ತೆ ಜೂನ್‌ನಲ್ಲಿ ಹೊಸ ನೇಮಕ ಪತ್ರ. ವರ್ಷಾನುಗಟ್ಟಲೆ ಅದೇ ಕುರ್ಚಿಯಲ್ಲಿ ಕೂತವರೂ ಕಾಗದದ ಮೇಲೆ ಪ್ರತಿ ವರ್ಷ ಹೊಸಬರೇ. ಎರಡು ತಿಂಗಳ ಸಂಬಳ ಉಳಿಯುತ್ತದೆ, ಸತತ ಸೇವೆಯೂ ತುಂಡಾಗುತ್ತದೆ. ಆ ಎರಡು ತಿಂಗಳಲ್ಲೂ ಅಡ್ಮಿಷನ್ ಪ್ರಚಾರಕ್ಕೆ ಊರೂರು ತಿರುಗಲು ಅವರನ್ನೇ ಕರೆಯುತ್ತೀರಿ, ಅದು ಬೇರೆ ಮಾತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ನಿಗದಿತ ಅವಧಿಗೆ ನೇಮಕವಾದವರಿಗೆ ಐದು ವರ್ಷ ಕಾಯದೆ, ಒಂದು ವರ್ಷದ ಸೇವೆಗೇ ಗ್ರಾಚ್ಯುಟಿ ಇದೆ. ಈ ಬ್ರೇಕ್ ಪದ್ಧತಿಯನ್ನು ವಕೀಲರ ಹತ್ತಿರ ಒಮ್ಮೆ ತೋರಿಸಿ ನೋಡಿ.

ಹೆರಿಗೆ ರಜೆಯನ್ನು 2017ರ ತಿದ್ದುಪಡಿ 12 ವಾರದಿಂದ 26 ವಾರಕ್ಕೆ ಏರಿಸಿತು. ಅದಕ್ಕೆ ವರ್ಷಗಟ್ಟಲೆ ಸೇವೆ ಬೇಕಿಲ್ಲ, ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು. ಐವತ್ತು ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಅನ್ನುವುದೂ ಆಗಲೇ ಬಂತು. ನಮ್ಮಲ್ಲಿ ಏನಾಗಿದೆ ಅಂತ ಹೆಸರು ಹೇಳಿ ಬರೆಯಲಾರೆ, ಅವರಿಗೆ ತೊಂದರೆ. ಇಷ್ಟು ಹೇಳಬಲ್ಲೆ: ಹೆರಿಗೆಗೆ ಹೋಗುವವರಿಂದ ಮೊದಲು ರಾಜೀನಾಮೆ ಪತ್ರ ಬರೆಸಿಕೊಳ್ಳುವುದು, 'ಆಮೇಲೆ ನೋಡೋಣ' ಅನ್ನುವುದು ನಿಲ್ಲಬೇಕು.

ನಿಮ್ಮ ಕಡೆಯ ಮಾತೂ ನನಗೆ ಗೊತ್ತು. ಮಂಡಳಿ ಸಭೆಗೆ ಫೈಲ್ ಹೊತ್ತು ತರುವಾಗ ಕಿವಿಗೆ ಬಿದ್ದಿದೆ. 'ಕಲಿಸಿದರೆ ಬಿಟ್ಟು ಹೋಗ್ತಾರೆ' ಅನ್ನುವುದು ಒಂದು. ಹೋಗುವವರು ಈಗಲೂ ಹೋಗುತ್ತಿದ್ದಾರೆ ಸರ್. ಸರ್ಕಾರಿ ನೇಮಕಾತಿ ಕರೆದಾಗಲೆಲ್ಲ ಅರ್ಧ ಸ್ಟಾಫ್ ರೂಮು ಅರ್ಜಿ ಹಾಕುತ್ತದೆ. ಇಲ್ಲಿ ಮುಂದೆ ಏನೂ ಇಲ್ಲ ಅಂತ ಹೊರಡುವವರೇ ಜಾಸ್ತಿ. ಕಲಿತು ಇಲ್ಲೇ ಉಳಿಯಲಿ ಅನ್ನುವುದಾದರೆ ಕೋರ್ಸ್ ಮುಗಿಸಿದವರಿಗೆ ಒಂದು ಇನ್‌ಕ್ರಿಮೆಂಟ್ ಕೊಡಿ. ಮೂಲ ಅಂಕಪಟ್ಟಿಗಳನ್ನು ಬೀರುವಿನಲ್ಲಿ ಬೀಗ ಹಾಕಿ ಇಟ್ಟುಕೊಳ್ಳುವುದು ಅದಕ್ಕೆ ದಾರಿಯಲ್ಲ. ದಾಖಲೆ ಪರಿಶೀಲನೆಗೆ ಮೂಲ ಪ್ರತಿ ಬೇಕು ಅಂತ ಒಬ್ಬೊಬ್ಬರೂ ಅರ್ಜಿ ಬರೆದು ನಿಂತಾಗ, ಬೀರುವಿನ ಕೀಲಿ ಹಿಡಿದವರಿಗೂ ನಾಚಿಕೆಯಾಗುತ್ತದೆ.

ಇನ್ನೊಂದು, 'ಹಣ ಎಲ್ಲಿದೆ?' ಪಿಎಫ್, ಗ್ರಾಚ್ಯುಟಿಗೆ ಹಣ ಬೇಕು, ಒಪ್ಪುತ್ತೇನೆ. ಮಕ್ಕಳ ಸಂಖ್ಯೆ ಕೆಲವು ವಿಭಾಗಗಳಲ್ಲಿ ಕಡಿಮೆಯಾಗಿದೆ, ಅದೂ ನಿಜ, ಅಡ್ಮಿಷನ್ ರಿಜಿಸ್ಟರ್ ನಾನೂ ನೋಡುತ್ತೇನೆ. ಆದರೆ ತರಬೇತಿಯಲ್ಲಿ ಹೆಚ್ಚಿನದಕ್ಕೆ ಬೇಕಾಗಿರುವುದು ಸಮಯ. ಆನ್‌ಲೈನ್ ಕೋರ್ಸುಗಳಲ್ಲಿ ಎಷ್ಟೋ ಉಚಿತ. ಪೋರ್ಟಲ್ ಚೆನ್ನಾಗಿ ಬಲ್ಲ ಪಕ್ಕದ ಕಾಲೇಜಿನ ಸೂಪರಿಂಟೆಂಡೆಂಟ್ ಒಬ್ಬರನ್ನು ಕರೆಸಿ ಒಂದು ದಿನ ಕೂರಿಸಿದರೆ ಸಾಕು. ನ್ಯಾಕ್ ತಂಡ ಬರುವ ಮೊದಲು ಗೋಡೆಗೆ ಬಣ್ಣ ಹೊಡೆಸುವ ಹಣದಲ್ಲಿ ಇದೆಲ್ಲ ಎಷ್ಟೋ ವರ್ಷ ನಡೆಯುತ್ತದೆ. ಬಿಲ್ ಪಾಸ್ ಮಾಡುವವರಿಗೆ ಈ ಲೆಕ್ಕ ಹೇಳಿಕೊಡಬೇಕಿಲ್ಲ.

ನಮ್ಮ ಕೋರಿಕೆ ದೊಡ್ಡದೇನಲ್ಲ. ಆಯ್ಕೆಯಾದ ಅಧ್ಯಾಪಕರಿಗೆ ಓಓಡಿ ಕೊಡಿ. ಯಾವ ವಿಭಾಗದಿಂದ ಯಾರು ಯಾವಾಗ ಹೋಗುತ್ತಾರೆ ಅಂತ ವರ್ಷದ ಆರಂಭದಲ್ಲೇ ಕ್ಯಾಲೆಂಡರ್‌ನಲ್ಲಿ ಬರೆದುಬಿಟ್ಟರೆ ಕ್ಲಾಸಿನ ತಕರಾರೂ ಬರುವುದಿಲ್ಲ. ಎನ್‌ಒಸಿಯಲ್ಲಿ ಬರೆದ ಮಾತು ನಡೆಸಿ. ಆನ್‌ಲೈನ್ ಕೋರ್ಸ್ ಮಾಡುವವರಿಗೆ ಆ ಗಂಟೆಗಳಲ್ಲಿ ಕ್ಲಾಸ್ ಹಾಕಬೇಡಿ. ನೋಂದಣಿ ಶುಲ್ಕ ಸಂಸ್ಥೆಯೇ ಕಟ್ಟಲಿ, ಅಥವಾ ಅವರು ಕಟ್ಟಿದ್ದನ್ನು ವಾಪಸ್ ಕೊಡಲಿ. 6.3ರಲ್ಲಿ ಹಾಗೇ ತೋರಿಸಿದ್ದೀರಿ. ಕಚೇರಿ, ಲ್ಯಾಬ್, ಲೈಬ್ರರಿಯವರಿಗೆ ಪ್ರತಿ ಸೆಮಿಸ್ಟರ್ ಶುರುವಾಗುವ ಮುಂಚೆ ಅವರವರ ಕೆಲಸಕ್ಕೆ ಬೇಕಾದ್ದನ್ನೇ ಕಲಿಸಿ. ಏನು ಬೇಕು ಅಂತ ನಮ್ಮನ್ನೇ ಕೇಳಿ, ಪಟ್ಟಿ ನಾವೇ ಕೊಡುತ್ತೇವೆ. ಲ್ಯಾಬಿನವರಿಗೆ ಕನ್ನಡಕ, ಕೈಗವಸು ಮಾತ್ರ ಸೆಮಿಸ್ಟರ್‌ವರೆಗೂ ಕಾಯಬಾರದು, ನಾಳೆಯೇ ಬರಲಿ.

ಪಿಎಫ್, ಇಎಸ್‌ಐಗೆ ಯಾರು ಒಳಗೆ, ಯಾರು ಹೊರಗೆ, ಯಾಕೆ ಅಂತ ಲಿಖಿತವಾಗಿ ತಿಳಿಸಿ. ಹೊರಗಿರುವವರಲ್ಲಿ ಒಳಗೆ ಬರಬೇಕಾದವರನ್ನು ಸೇರಿಸಿ. ನಿವೃತ್ತರಾದವರ ಗ್ರಾಚ್ಯುಟಿ ಬಾಕಿ ಲೆಕ್ಕ ಹಾಕಿ, ಒಂದೇ ಸಲ ಆಗದಿದ್ದರೆ ಕಂತಿನಲ್ಲಾದರೂ ಶುರು ಮಾಡಿ. ಅವರಲ್ಲಿ ಕೆಲವರಿಗೆ ಔಷಧಿ ಖರ್ಚೇ ಜಾಸ್ತಿ ಇದೆ. ಬ್ರೇಕ್ ನಿಲ್ಲಿಸಿ. ಮೂಲ ಅಂಕಪಟ್ಟಿಗಳನ್ನು ವಾಪಸ್ ಕೊಡಿ, ಇದಕ್ಕಂತೂ ಒಂದು ಪೈಸೆ ಖರ್ಚಿಲ್ಲ.

ಈ ಪತ್ರ ಬರೆದದ್ದು ಯಾರು ಅಂತ ಹುಡುಕಲು ಹೊರಟರೆ ಸುಲಭವಾಗಿ ಸಿಕ್ಕಿಬಿಡುತ್ತೇನೆ, ಅದು ನನಗೂ ಗೊತ್ತು. ಹುಡುಕುವ ಬದಲು ಮುಂದಿನ ಮಂಡಳಿ ಸಭೆಯ ಅಜೆಂಡಾದಲ್ಲಿ 'ಸಿಬ್ಬಂದಿ ತರಬೇತಿ ಮತ್ತು ಸೌಲಭ್ಯ' ಅಂತ ಒಂದು ವಿಷಯ ಸೇರಿಸಿ. ಆ ವಿಷಯ ಬಂದಾಗ ಬೋಧಕರಲ್ಲಿ ಇಬ್ಬರನ್ನು, ಬೋಧಕೇತರರಲ್ಲಿ ಇಬ್ಬರನ್ನು ಒಳಗೆ ಕರೆದು ಕೂರಿಸಿ. ಬೋಧಕೇತರರಲ್ಲಿ ಒಬ್ಬರು ಗ್ರೂಪ್ ಡಿಯವರೇ ಆಗಿರಲಿ. ಏನು ತೀರ್ಮಾನ ಆಯಿತು, ಯಾವ ತಿಂಗಳಿಂದ ಜಾರಿ ಅನ್ನುವುದನ್ನು ನೋಟಿಸ್ ಬೋರ್ಡಿನಲ್ಲಿ ಹಾಕಿ. ಆಗುವುದಿಲ್ಲ ಅನ್ನುವುದಿದ್ದರೆ ಅದನ್ನೂ ಕಾರಣದ ಸಮೇತ ಹಾಕಿ.

ಇತಿ,
ಕಚೇರಿ ಸಿಬ್ಬಂದಿಯಲ್ಲೊಬ್ಬ